ಟಗರು ಹೇಳಿಕೊಟ್ಟ ಕಂತಿನ ಲೆಕ್ಕ

ಕ್ಯಾನ್ಸರ್‌ಗೆ ರೇಡಿಯೇಷನ್ ತಗೊಳ್ಳೋರನ್ನ ನೋಡಿರ್ತೀರಿ. ಸೋಮವಾರದಿಂದ ಶುಕ್ರವಾರ, ದಿನಾ ಕೆಲವೇ ನಿಮಿಷ, ಹೀಗೇ ವಾರಗಟ್ಟಲೆ. "ಇಷ್ಟು ಓಡಾಡಿಸೋ ಬದಲು ಒಂದೇ ಸಲ ಕೊಟ್ಟು ಮುಗಿಸಬಾರದಾ?" ಅಂತ ಮನೆಯವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಸಿಕ್ಕಿದ್ದು ಸುಮಾರು ನೂರು ವರ್ಷದ ಹಿಂದೆ, ಪ್ಯಾರಿಸ್‌ನಲ್ಲಿ, ಟಗರುಗಳಿಂದ!

1895ರಲ್ಲಿ ಜರ್ಮನಿಯ ರಾಂಟ್ಜೆನ್ ಎಕ್ಸ್-ರೇ ಕಂಡುಹಿಡಿದ. ಮರುವರ್ಷವೇ ವೈದ್ಯರು ಅದನ್ನ ಕ್ಯಾನ್ಸರ್ ಗಡ್ಡೆಗಳ ಮೇಲೆ ಬಿಟ್ಟು ನೋಡಿದ್ರು. ಗಡ್ಡೆ ಕುಗ್ತಿತ್ತು, ಜೊತೆಗೆ ಚರ್ಮಾನೂ ಸುಡ್ತಿತ್ತು. ಎಡಿಸನ್ ಹತ್ರ ಎಕ್ಸ್-ರೇ ಕೆಲಸ ಮಾಡ್ತಿದ್ದ ಕ್ಲಾರೆನ್ಸ್ ಡಾಲಿ ಕೈಗಳನ್ನ ಕಳ್ಕೊಂಡು, ಕ್ಯಾನ್ಸರ್‌ನಿಂದಲೇ 1904ರಲ್ಲಿ ತೀರಿಕೊಂಡ.

ಆಮೇಲೆ ಬಂದವನು ಪ್ಯಾರಿಸ್‌ನ ರೇಡಿಯಂ ಸಂಸ್ಥೆಯ ಕ್ಲಾಡಿಯಸ್ ರೆಗೋ. ಅಲ್ಲಿ ಭೌತಶಾಸ್ತ್ರ ವಿಭಾಗ ಮೇರಿ ಕ್ಯೂರಿದು, ಜೀವಶಾಸ್ತ್ರ ವಿಭಾಗ ಇವನದು. ಇವನು ಟಗರಿನ ವೃಷಣಕ್ಕೆ ಎಕ್ಸ್-ರೇ ಕೊಟ್ಟ. (ನಗಬೇಡಿ. ವೀರ್ಯಾಣು ತಯಾರಾಗೋ ಜೀವಕೋಶಗಳೂ ಕ್ಯಾನ್ಸರ್ ಥರಾನೇ ಬೇಗ ಬೇಗ ವಿಭಜನೆ ಆಗ್ತವೆ, ಅದಕ್ಕೇ.) ಒಂದೇ ಸಲ ಕೊಟ್ರೆ, ಟಗರು ಬರಡಾಗೋ ಹೊತ್ತಿಗೆ ಚರ್ಮ ಹಾಳು. ಕೆಲವು ದಿನಗಳಿಗೆ ಹಂಚಿ ಕೊಟ್ರೆ ಟಗರು ಬರಡಾಯ್ತು, ಚರ್ಮ ಉಳೀತು! 1920ರ ದಶಕದಲ್ಲಿ ಅವನ ಸಹೋದ್ಯೋಗಿ ಆನ್ರಿ ಕುತಾರ್ ಇದೇ ಕ್ರಮದಲ್ಲಿ ಗಂಟಲಿನ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಟ್ಟ, ಗುಣವಾದವರಿದ್ರು.

ಆದ್ರೆ ಯಾಕೆ ಹೀಗೆ ಅನ್ನೋದು ಆಗ ಗೊತ್ತಿರಲಿಲ್ಲ. ಎಕ್ಸ್-ರೇ ವಂಶವಾಹಿಗಳನ್ನೇ ಬದಲಿಸುತ್ತೆ ಅಂತ 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣಿನ ನೊಣಗಳಲ್ಲಿ ತೋರಿಸಿದ. ಡಿಎನ್‌ಎಯ ಎರಡೆಳೆಯ ರೂಪ ಗೊತ್ತಾಗಿದ್ದು 1953ರಲ್ಲಿ. ಅದಕ್ಕೂ ನೆರವಾಗಿದ್ದು ರೊಸಾಲಿಂಡ್ ಫ್ರಾಂಕ್ಲಿನ್ ತಂಡದ ಎಕ್ಸ್-ರೇ ಚಿತ್ರ.

ನಮ್ಮ ಬಿಕಾಂ ಭಾಷೇಲಿ ಹೇಳೋದಾದ್ರೆ ಡಿಎನ್‌ಎ ಅಂದ್ರೆ ಡಬಲ್ ಎಂಟ್ರಿ ಪುಸ್ತಕ. ಒಂದು ಎಳೆ ಕಡಿದ್ರೆ ಎದುರಿನ ಎಳೆ ನೋಡಿ ಜೀವಕೋಶ ರಿಪೇರಿ ಮಾಡ್ಕೊಳ್ಳುತ್ತೆ. ರೇಡಿಯೇಷನ್ ಕೆಲವು ಕಡೆ ಎರಡೂ ಎಳೆಗಳನ್ನ ಒಟ್ಟಿಗೇ ಕಡಿಯುತ್ತೆ, ಕೆಲವೊಮ್ಮೆ ನೇರವಾಗಿ, ಹೆಚ್ಚಿನ ಸಲ ಕೋಶದೊಳಗಿನ ನೀರನ್ನ ಒಡೆದು. ಆಗ ರಿಪೇರಿ ಕಷ್ಟ. ಆರೋಗ್ಯವಂತ ಕೋಶಗಳು ಮರುದಿನದ ಕಂತಿನೊಳಗೆ ಬಹುಪಾಲು ಸರಿಮಾಡ್ಕೊಳ್ತವೆ. ಕ್ಯಾನ್ಸರ್ ಕೋಶಗಳಿಗೆ ಸಾಮಾನ್ಯವಾಗಿ ಆ ಶಕ್ತಿ ಕಮ್ಮಿ. ಮುರಿದ ಡಿಎನ್‌ಎ ಇಟ್ಕೊಂಡೇ ವಿಭಜನೆಗೆ ಹೋಗಿ ಸಾಯ್ತವೆ. ಅದಕ್ಕೇ ಚಿಕಿತ್ಸೆ ಮುಗಿದು ವಾರಗಳಾದ್ರೂ ಗಡ್ಡೆ ಕುಗ್ತಾ ಇರಬಹುದು.

"ಮಧ್ಯ ದಿನ ತಪ್ಪಿಸಬೇಡಿ" ಅಂತ ಡಾಕ್ಟರ್ ಗದರೋದೂ ಇದಕ್ಕೇ. ಬಿಡುವು ಉದ್ದ ಆದ್ರೆ, ಉಳಿದಿರೋ ಕ್ಯಾನ್ಸರ್ ಕೋಶಗಳು ಮತ್ತೆ ಹೆಚ್ಚಾಗ್ತವೆ.