ಹಿಂಡಿಯ ಹಿಟ್ಟಿನಿಂದ ರಾಗಿ ಸರಿಯವರೆಗೆ

ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾದಾಗ ದೇಶದ ಜನ ಪಡಿತರದ ಸಾಲಿನಲ್ಲಿ ನಿಂತಿದ್ದರು. ಸಂಸ್ಥೆಯ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಂಗಡಿಗರ ಕಣ್ಣು ಬಿದ್ದದ್ದು ಕಡಲೆಕಾಯಿ ಹಿಂಡಿಯ ಮೇಲೆ. ಎಣ್ಣೆ ತೆಗೆದ ನಂತರ ದನದ ಬಾನಿಗೋ ಹೊಲದ ಗೊಬ್ಬರಕ್ಕೋ ಹೋಗುತ್ತಿದ್ದ ಈ ಹಿಂಡಿಯಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಪ್ರೋಟೀನು. ಅದನ್ನು ಶುಚಿಯಾಗಿ ತಯಾರಿಸಿ, ಹಿಟ್ಟು ಮಾಡಿ, ಮೂರು ಪಾಲಿಗೆ ಒಂದು ಪಾಲಿನಂತೆ ಕಡಲೆಹಿಟ್ಟು ಬೆರೆಸಿ, ಸುಣ್ಣದ ಅಂಶ ಮತ್ತು ಜೀವಸತ್ವಗಳನ್ನು ಸೇರಿಸಿದ ಪುಡಿಗೆ 'ಮಲ್ಟಿಪರ್ಪಸ್ ಫುಡ್' ಎಂಬ ಹೆಸರಾಯಿತು. ಬಡ ಮಕ್ಕಳ ಸೊರಗಿಗೆ ಇದೇ ಮದ್ದೆಂಬ ನಂಬಿಕೆ ಆಗ ಬಲವಾಗಿತ್ತು.

ಆ ನಂಬಿಕೆಯ ಬೇರು ಆಫ್ರಿಕದಲ್ಲಿದೆ. ಇಂದಿನ ಘಾನಾ ಆಗ ಬ್ರಿಟಿಷರ ಗೋಲ್ಡ್ ಕೋಸ್ಟ್. ಅಲ್ಲಿ ಕೆಲಸ ಮಾಡುತ್ತಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ ವಿಚಿತ್ರವಾದೊಂದು ಕಾಯಿಲೆಯನ್ನು ಕಂಡರು. ಒಂದರಿಂದ ನಾಲ್ಕು ವರ್ಷದ ಮಕ್ಕಳ ಕೈಕಾಲು ಊದಿಕೊಳ್ಳುತ್ತಿದ್ದವು, ಕೂದಲು ಕೆಂಚಾಗಿ ಚರ್ಮ ಸುಲಿಯುತ್ತಿತ್ತು, ಬಹಳಷ್ಟು ಮಕ್ಕಳು ಸಾಯುತ್ತಿದ್ದವು. ಸ್ಥಳೀಯ ಗಾ ಭಾಷೆಯಲ್ಲಿ ಇದಕ್ಕೆ 'ಕ್ವಾಶಿಯೋರ್ಕರ್' ಎನ್ನುತ್ತಿದ್ದರು. ತಂಗಿಯೋ ತಮ್ಮನೋ ಹುಟ್ಟಿದಾಗ ಹಿರಿಯ ಕೂಸಿಗೆ ಬರುವ ರೋಗ ಎಂದು ಅದರ ಅರ್ಥ. ಹೊಸ ಕೂಸಿಗಾಗಿ ಮೊಲೆ ಬಿಟ್ಟ ಮಗುವಿಗೆ ಸಿಗುತ್ತಿದ್ದದ್ದು ಮೆಕ್ಕೆಜೋಳದ ಗಂಜಿಯಷ್ಟೆ. ಯಾವುದೋ ಪ್ರೋಟೀನಿನ ಕೊರತೆ ಇದ್ದೀತೆಂದು ವಿಲಿಯಮ್ಸ್ 1933ರಲ್ಲಿ ಊಹಿಸಿದರು. ಕಾಯಿಲೆಯನ್ನು ಸರಿಯಾಗಿ ಹೆಸರಿಸಿದವರು ಲ್ಯಾಟಿನ್ ಪಂಡಿತರಲ್ಲ, ಆ ಊರಿನ ತಾಯಂದಿರು ಎಂಬುದನ್ನು ಮರೆಯಬಾರದು.

ಊಹೆ ಮುಂದೆ ಸಿದ್ಧಾಂತವಾಯಿತು. ವಿಶ್ವಸಂಸ್ಥೆ 1955ರಲ್ಲಿ ಪ್ರೋಟೀನ್ ಸಲಹಾ ಮಂಡಳಿಯನ್ನೇ ರಚಿಸಿತು. 1968ರಲ್ಲಿ ಬರಲಿರುವ ಪ್ರೋಟೀನ್ ಬಿಕ್ಕಟ್ಟಿನ ಬಗ್ಗೆ ಜಗತ್ತನ್ನೇ ಎಚ್ಚರಿಸಿತು. ನಡುವೆ ಹಿಂಡಿಗೆ ಒಂದು ಪೆಟ್ಟು ಬಿತ್ತು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಬೂಷ್ಟಿನಿಂದ ಹುಟ್ಟಿದ ಅಫ್ಲಟಾಕ್ಸಿನ್ ಎಂಬ ವಿಷವಿತ್ತು. ಮಕ್ಕಳಿಗೆ ಕೊಡುವ ಹಿಟ್ಟನ್ನು ಇನ್ನು ಪರೀಕ್ಷಿಸದೆ ಬಳಸುವಂತಿರಲಿಲ್ಲ.

ಆದರೆ ದೊಡ್ಡ ಪ್ರಶ್ನೆ ಎದ್ದದ್ದು ಹೈದರಾಬಾದಿನಲ್ಲಿ. ಅಲ್ಲಿನ ಪೌಷ್ಟಿಕ ಆಹಾರ ಸಂಶೋಧನಾ ಸಂಸ್ಥೆಯ ಸಿ. ಗೋಪಾಲನ್ ಬಡ ಮಕ್ಕಳ ಊಟವನ್ನು ಅಳೆದು ನೋಡಿದರು. ಊತ ಬಂದ ಮಗುವಿನ ಊಟಕ್ಕೂ ಬರೀ ಎಲುಬಾಗಿ ಸೊರಗಿದ ಮಗುವಿನ ಊಟಕ್ಕೂ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಅನ್ನ, ಜೋಳ, ಬೇಳೆಯ ಊಟದಲ್ಲಿ ಪ್ರೋಟೀನು ಬಹುಮಟ್ಟಿಗೆ ಸಾಕಷ್ಟಿತ್ತು, ಸಾಲದಿದ್ದದ್ದು ಊಟವೇ. ಹೊಟ್ಟೆ ತುಂಬದಿದ್ದರೆ ದೇಹ ಪ್ರೋಟೀನನ್ನೂ ಸೌದೆಯಂತೆ ಉರಿಸಿಬಿಡುತ್ತದೆ. ಗೋಧಿಹಿಟ್ಟು, ಸಕ್ಕರೆ, ಎಣ್ಣೆಯಿಂದ ಮಾಡಿದ, ದಿನಕ್ಕೆ 310 ಕ್ಯಾಲೊರಿಯ ಆದರೆ ಕೇವಲ 3 ಗ್ರಾಂ ಪ್ರೋಟೀನಿನ ತಿಂಡಿ ಕೊಟ್ಟು ನೋಡಿದಾಗ ಮಕ್ಕಳು ಚೆನ್ನಾಗಿ ಬೆಳೆದವು. ಈ ಫಲಿತಾಂಶ 1973ರಲ್ಲಿ ಪ್ರಕಟವಾಯಿತು. ಮರುವರ್ಷ ಡೊನಾಲ್ಡ್ ಮೆಕ್‌ಲಾರೆನ್ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರೋಟೀನಿನ ಇಡೀ ಗದ್ದಲವನ್ನೇ ಮಹಾ ಎಡವಟ್ಟು ಎಂದು ಜರೆದರು.

ಮಾತು ಖಾರವಾಯಿತು. ಹಿಂಡಿಯ ಹಿಟ್ಟು ತಿಂದ ಮಕ್ಕಳಿಗೆ ಅದರಿಂದ ನಾಲ್ಕು ತುತ್ತು ಹೆಚ್ಚೇ ಸಿಕ್ಕಿತಲ್ಲ! ಆದರೂ ಹಸಿವೆಯ ಪ್ರಶ್ನೆಯನ್ನು ಪುಡಿಯ ಪ್ರಶ್ನೆಯಾಗಿ ನೋಡಿದ್ದರಿಂದ ಎರಡು ದಶಕ ಕಳೆದದ್ದು ನಿಜ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಮಗುವಿಗೆ ದಿನಕ್ಕೆ 300 ಕ್ಯಾಲೊರಿಯ ಗುರಿ ಇಟ್ಟುಕೊಂಡಿತು. ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ಮೈಸೂರಿಗೆ ಹತ್ತಿರದ ತಿರುಮಕೂಡಲು ನರಸೀಪುರದಲ್ಲಿ.

ಒಂದು ತೊಡಕು ಮಾತ್ರ ಉಳಿಯಿತು. ಹಿಟ್ಟು ಬೇಯಿಸಿದರೆ ನೀರು ಹೀರಿ ಉಬ್ಬುತ್ತದೆ. ಗಟ್ಟಿ ಇದ್ದರೆ ಕೂಸು ನುಂಗದು. ತೆಳು ಮಾಡಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತದೆ. 1980ರ ದಶಕದ ಆರಂಭದಲ್ಲಿ ಅದೇ ಮೈಸೂರಿನ ಸಂಸ್ಥೆಯ ಮಲ್ಲೇಶಿ ಮತ್ತು ದೇಶಿಕಾಚಾರ್ ಮೊಳಕೆ ಬರಿಸಿ ಹುರಿದ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ತಯಾರಿಸಿದರು. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ, ಹಿಟ್ಟು ಹೆಚ್ಚು ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಬೀಸಿ, ಜರಡಿ ಹಿಡಿದು ಕೂಸಿಗೆ ಸರಿ ಮಾಡುವ ಪದ್ಧತಿ ಹಳೆ ಮೈಸೂರಿನ ಮನೆಗಳಲ್ಲಿ ಅಷ್ಟರಲ್ಲಾಗಲೇ ಹಳೆಯದಾಗಿತ್ತು.