ಅಶ್ವಹೃದಯವೂ ಅಶ್ವವಿನಯವೂ

ಮಹಾಭಾರತದ ನಲೋಪಾಖ್ಯಾನದಲ್ಲಿ ಬಾಹುಕವೇಷದ ನಳನು ಬಲ್ಲವನಾಗಿದ್ದ ‘ಅಶ್ವಹೃದಯ’ವೆಂಬ ವಿದ್ಯೆಯನ್ನು ಒಂದು ರಹಸ್ಯಮಂತ್ರವೆಂದು ಹೇಳಿ ಮುಂದೆ ಸಾಗುವುದು ಪಾಠಪ್ರವಚನಗಳಲ್ಲಿ ವಾಡಿಕೆಯಾಗಿದೆ. ಹಾಗೆ ಹೇಳಿದರೆ ಅರ್ಥವಿವರಣೆಯ ಶ್ರಮವೇನೋ ತಪ್ಪುತ್ತದೆ. ಆದರೆ ಕವಿಯು ಮೂಲದಲ್ಲಿ ಹೇಳಿರುವ ಮಾತುಗಳಿಗೆ ಕೆಲಸವೇ ಉಳಿಯುವುದಿಲ್ಲ. ಆ ಪದಕ್ಕೆ ಅದರ ಅವಯವಗಳಿಂದಲೇ ದೊರೆಯುವ ಅರ್ಥ, ಎಂದರೆ ಕುದುರೆಯ ಮನಸ್ಸನ್ನು ಅರಿತು ಅದನ್ನು ನಡೆಯಿಸುವ ಶಿಕ್ಷಣವೆಂಬ ಅರ್ಥವು, ಹೆಚ್ಚು ಯುಕ್ತವೆಂದು ನನಗೆ ತೋರುತ್ತದೆ.

ಕಥಾಭಾಗವನ್ನೇ ಪರಿಶೀಲಿಸೋಣ. ಒಂದೇ ಹಗಲಿನಲ್ಲಿ ವಿದರ್ಭವನ್ನು ಸೇರಬೇಕೆಂದು ಋತುಪರ್ಣನು ಅವಸರಪಡಿಸಿದಾಗ ಬಾಹುಕನು ಲಾಯಕ್ಕೆ ಹೋಗಿ ಬಡಕಲಾದ ಕುದುರೆಗಳನ್ನು ಆರಿಸುತ್ತಾನೆ. ಅರಸನು ಆಕ್ಷೇಪಿಸುತ್ತಾನೆ; ಆದರೆ ಅವು ಸಿಂಧುದೇಶದವೆಂದೂ ಅವುಗಳ ಸುಳಿಗಳು ಶುದ್ಧವಾಗಿರುವುವೆಂದೂ ಕವಿಯು ಹೇಳಿದ್ದಾನೆ. ಅರಸನು ರಥವನ್ನೇರಿದೊಡನೆ ಆ ಕುದುರೆಗಳು ಮೊಳಕಾಲೂರಿ ನೆಲಕ್ಕೆ ಬೀಳುತ್ತವೆ. ಆಗ ನಳನು ಮಾಡಿದುದೇನು? ಕವಿಯು ಮಂತ್ರಜಪವನ್ನು ಹೇಳಲಿಲ್ಲ, ಕಶಾಘಾತವನ್ನೂ ಹೇಳಲಿಲ್ಲ. ಅವುಗಳನ್ನು ಸಾಂತ್ವನಗೊಳಿಸಿದನೆಂದು ಹೇಳಿ, ಆಮೇಲೆ ಕಡಿವಾಣದ ಹಗ್ಗಗಳನ್ನು ಹಿಡಿಸುತ್ತಾನೆ. ಇದನ್ನು ನೋಡಿ ಬೆರಗಾದ ವಾರ್ಷ್ಣೇಯನು ಈತನು ಇಂದ್ರಸಾರಥಿಯಾದ ಮಾತಲಿಯೋ, ಅಶ್ವಗಳ ಕುಲತತ್ತ್ವವನ್ನು ಬಲ್ಲ ಶಾಲಿಹೋತ್ರನೋ ಎಂದು ಸಂದೇಹಪಡುತ್ತಾನೆ. ಒಬ್ಬನು ಸಾರಥಿ, ಮತ್ತೊಬ್ಬನು ಶಾಸ್ತ್ರಕಾರ. ಮಂತ್ರವಾದಿಯ ಹೆಸರು ಅವನಿಗೆ ತೋಚಲಿಲ್ಲವೆಂಬುದು ಗಮನಾರ್ಹ.

ಮಂತ್ರಪಕ್ಷದವರಿಗೆ ಒಂದು ಆಧಾರವುಂಟು. ಋತುಪರ್ಣನು ಅಕ್ಷಹೃದಯವನ್ನು ದಾರಿಯಲ್ಲಿಯೇ ತಾರೆಯ ಮರದ ಬಳಿ ಕೊಟ್ಟುಬಿಡುತ್ತಾನೆ. ಅಶ್ವಹೃದಯವನ್ನಾದರೋ ನಳನಲ್ಲಿಯೇ ನಿಕ್ಷೇಪವಾಗಿ ಇರಿಸಿ, ತರುವಾಯ ಕುಂಡಿನದಲ್ಲಿ ವಿಧಿಪೂರ್ವಕವಾಗಿ ಸ್ವೀಕರಿಸುತ್ತಾನೆ. ಆದರೆ ವಿಧಿಪೂರ್ವಕವಾದ ಗ್ರಹಣವು ನಮ್ಮಲ್ಲಿ ಎಲ್ಲ ವಿದ್ಯೆಗಳಿಗೂ ಸಮಾನವಾದುದು. ವ್ಯಾಕರಣವನ್ನು ವಿಧಿಯಿಂದ ಕಲಿತೆವೆಂದು ಅದು ಮಂತ್ರವಾಗುವುದಿಲ್ಲ. ಇದಕ್ಕಿಂತ ಬಲವಾದ ಸಾಕ್ಷ್ಯವು ಕುಂಡಿನದಲ್ಲಿಯೇ ಇದೆ. ಮಕ್ಕಳೊಡನೆ ಮೊದಲೇ ಅಲ್ಲಿಗೆ ಕಳುಹಲ್ಪಟ್ಟಿದ್ದ ನಳನ ಸ್ವಂತ ಕುದುರೆಗಳು ಬರುತ್ತಿರುವ ರಥದ ಧ್ವನಿಯನ್ನು ಕೇಳಿ, ಹಿಂದೆ ಅವನ ಸನ್ನಿಧಿಯಲ್ಲಿ ಹೇಗೋ ಹಾಗೆ ಹರ್ಷಗೊಂಡುವಂತೆ. ವರ್ಷಗಳು ಕಳೆದರೂ ನೆನಪಿನಲ್ಲಿ ಉಳಿದ ಈ ಸ್ನೇಹಕ್ಕೆ ಯಾವ ಮಂತ್ರವನ್ನು ಹೇಳೋಣ? ನೂರು ಯೋಜನದ ಓಟವು ಕಾವ್ಯದ ಅತಿಶಯ, ನಿಜ. ಈ ಚಿಕ್ಕ ಮಾತು ಅತಿಶಯವಲ್ಲ, ಕುದುರೆ ಸಾಕಿದವರೆಲ್ಲರೂ ಬಲ್ಲರು.

ಇನ್ನು ಶಬ್ದವಿಚಾರ. ವಿರಾಟನ ಆಸ್ಥಾನದಲ್ಲಿ ಗ್ರಂಥಿಕನಾಗಿ ನಿಂತ ನಕುಲನು ತಾನು ಅಶ್ವಗಳ ಪ್ರಕೃತಿಯನ್ನೂ ‘ವಿನಯ’ವನ್ನೂ ದುಷ್ಟಾಶ್ವಗಳ ಪ್ರತೀಕಾರವನ್ನೂ ಬಲ್ಲೆನೆನ್ನುತ್ತಾನೆ. ಅಮರಸಿಂಹನು ಚೆನ್ನಾಗಿ ನಡೆಯುವ ಕುದುರೆಗೆ ‘ವಿನೀತ’ವೆಂದೇ ಹೆಸರು ಕೊಟ್ಟನು. ಕನ್ನಡದಲ್ಲಿ ವಿನಯವೆಂದರೆ ತಗ್ಗಿ ನಡೆಯುವುದೆಂಬ ಅರ್ಥವೇ ಉಳಿದಿರುವುದರಿಂದ ನಮ್ಮ ವಿದ್ಯಾರ್ಥಿಗಳಿಗೆ ಇಲ್ಲಿ ಕುದುರೆಯ ನಮ್ರತೆ ಕಾಣುತ್ತದೆ! ಮೂಲಾರ್ಥವು ಶಿಕ್ಷಣ. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ ೧೯೦೯ರಲ್ಲಿ ಅಚ್ಚುಹಾಕಿಸಿದ ಕೌಟಿಲೀಯದಲ್ಲಿ ರಾಜಪುತ್ರನ ವಿದ್ಯಾಭ್ಯಾಸವುಳ್ಳ ಮೊದಲನೆಯ ಅಧಿಕರಣದ ಹೆಸರೂ ವಿನಯಾಧಿಕಾರಿಕವೇ. ರಾಜಕುಮಾರನಿಗೂ ಕುದುರೆಗೂ ಒಂದೇ ಶಬ್ದ ಸಲ್ಲುತ್ತಿತ್ತು. ಅದೇ ಗ್ರಂಥದ ಅಶ್ವಾಧ್ಯಕ್ಷಪ್ರಕರಣದಲ್ಲಿ ತೀಕ್ಷ್ಣ, ಭದ್ರ, ಮಂದವೆಂಬ ಸ್ವಭಾವಭೇದವನ್ನು ನೋಡಿ ಯುದ್ಧಕ್ಕಾಗಲಿ ಸವಾರಿಗಾಗಲಿ ನಿಯೋಜಿಸಬೇಕೆಂದೂ, ಯುದ್ಧ, ರೋಗ, ಮುಪ್ಪುಗಳಿಂದ ಸವೆದವುಗಳಿಗೆ ಆಹಾರವು ತಪ್ಪಬಾರದೆಂದೂ ವಿಧಿಯುಂಟು.

ಇಷ್ಟರಿಂದ ಪ್ರಾಚೀನರು ದಂಡವನ್ನೇ ಅರಿಯದವರೆಂದು ಹೇಳಲಾಗದು. ಕಶೆಯು ಅಮರಕೋಶದಲ್ಲಿಯೂ ಇದೆ, ಲಾಯದಲ್ಲಿಯೂ ಇತ್ತು. ಪಾಲಿಯ ಅಂಗುತ್ತರನಿಕಾಯದಲ್ಲಿ ಕೇಸಿಯೆಂಬ ಅಶ್ವಶಿಕ್ಷಕನು ತಾನು ಮೃದುವಾಗಿಯೂ ಕಠಿನವಾಗಿಯೂ ಎರಡನ್ನು ಬೆರಸಿಯೂ ಕಲಿಸುವೆನೆಂದೂ, ಮೂರಕ್ಕೂ ಒಗ್ಗದುದನ್ನು ಕೊಲ್ಲುವೆನೆಂದೂ ಬುದ್ಧನೆದುರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಮೃದುತ್ವವು ಮೊದಲನೆಯದೆಂಬ ಕ್ರಮವನ್ನಷ್ಟೇ ನಾವು ಇಲ್ಲಿ ಹಿಡಿಯಬಹುದು. ಆದರೆ ಅದೇ ನಿಕಾಯದ ಮತ್ತೊಂದು ಸುತ್ತದಲ್ಲಿ ಮುಳ್ಳುಗೋಲಿನ ನೆರಳನ್ನು ಕಂಡಷ್ಟಕ್ಕೇ ಎಚ್ಚೆತ್ತು ನಡೆಯುವ ಕುದುರೆಯು ಉತ್ತಮವೆನಿಸಿದೆ. ಯವನದೇಶದ ಕ್ಸೆನೊಫೋನನೂ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ, ಕೋಪದಿಂದ ಕುದುರೆಯ ಬಳಿಗೆ ಹೋಗಕೂಡದೆಂದು ತನ್ನ ಅಶ್ವಾರೋಹಣಗ್ರಂಥದಲ್ಲಿ ಬರೆದನು. ಯಾರು ಯಾರಿಂದ ಕಲಿತರೆಂಬ ಚರ್ಚೆ ಇಲ್ಲಿ ಅನವಶ್ಯಕ. ಕುದುರೆಯೇ ಇಬ್ಬರಿಗೂ ಕಲಿಸಿರಬಹುದು.

ಮಂತ್ರವು ನಿಜವಾಗಿ ದೊರೆಯುವ ಎಡೆ ಅಗ್ನಿಪುರಾಣ. ಅಲ್ಲಿಯ ಅಶ್ವವಾಹನಪ್ರಕರಣದಲ್ಲಿ ಕುದುರೆಯ ಕಿವಿಯಲ್ಲಿ ಹೇಳಬೇಕಾದ ಮಾತೊಂದುಂಟು. ಅದರ ರೂಪವನ್ನು ನೋಡಿದರೆ ಅದು ಬೀಜಾಕ್ಷರಗಳ ಉಚ್ಚಾಟನೆಯಲ್ಲ. ನಿನ್ನ ಹುಟ್ಟನ್ನು ನೆನೆ, ಸಮುದ್ರಮಥನದಲ್ಲಿ ಒಡಹುಟ್ಟಿದ ಕೌಸ್ತುಭವನ್ನು ನೆನೆ ಎಂಬ ಸಂಬೋಧನೆ. ಮಂತ್ರವೆನಿಸಿಕೊಂಡುದೂ ಇಲ್ಲಿ ಕುದುರೆಯೊಡನೆ ಆಡುವ ಸಂಭಾಷಣೆಯೇ ಆಗಿದೆ.

ನಮ್ಮ ಕಲ್ಯಾಣದ ಚಾಲುಕ್ಯ ಸೋಮೇಶ್ವರನು ಕ್ರಿ. ಶ. ೧೧೨೯ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದ ವಿನೋದವಿಂಶತಿಯಲ್ಲಿ ವಾಜಿವಾಹ್ಯಾಲೀವಿನೋದವಿದೆ. ಕುದುರೆಯೇರಿ ಎರಡು ಪಕ್ಷವಾಗಿ ಚೆಂಡಾಡುವ ಆ ಕ್ರೀಡೆಯಲ್ಲಿ ಸವಾರನ ಕಣ್ಣು ಚೆಂಡಿನ ಮೇಲಿರುತ್ತದೆ. ಅವನ ಇಂಗಿತವನ್ನು ಕುದುರೆಯು ತಾನಾಗಿ ಗ್ರಹಿಸದಿದ್ದರೆ ಆಟವೇ ಸಾಗದು.

ಕೊನೆಯದಾಗಿ ಶಾಕುಂತಲದ ಮೊದಲನೆಯ ಅಂಕ. ಹಗ್ಗಗಳನ್ನು ಸಡಿಲಿಸಿದಾಗ ಕಿವಿಯನ್ನು ನಿಮಿರಿಸಿ ಓಡುವ ರಥಾಶ್ವಗಳ ಶ್ಲೋಕವನ್ನು ಸ್ವಭಾವೋಕ್ತಿಯೆಂದು ಹೆಸರಿಸಿ ಬಿಡುವುದುಂಟು. ಅದಕ್ಕೂ ಹಿಂದೆ ಸೂತನು, ನೆಲವು ಉಬ್ಬುತಗ್ಗಾಗಿದ್ದುದರಿಂದ ತಾನು ಹಗ್ಗವನ್ನು ಬಿಗಿಹಿಡಿದಿದ್ದೆನೆಂದು ಗದ್ಯದಲ್ಲಿ ಹೇಳುತ್ತಾನೆ. ಆ ವಾಕ್ಯವನ್ನು ಸೇರಿಸಿ ಓದಿದರೆ, ಕಾಳಿದಾಸನು ಕುದುರೆಯ ವೇಗವನ್ನಲ್ಲದೆ ಸಾರಥಿಯ ಕೈಯನ್ನೂ ವರ್ಣಿಸಿರುವನೆಂಬುದು ಕಾಣುತ್ತದೆ.