ಚೀಲ ಹೊತ್ತವರು ಆಡಿದ ಗಾಲ್ಫ್

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರು ಅಂದರೆ ಮೊದಲು ನೆನಪಿಗೆ ಬರುವವರು ಪೈಲ್ವಾನರು. ಜಾತ್ರೆಯ ಕುಸ್ತಿ ಕಣದಲ್ಲಿ ಗೆದ್ದವನಿಗೆ ಬೆಳ್ಳಿ ಕಡಗ, ಗದೆ, ಊರವರು ಕೂಡಿಸಿದ ಇನಾಮು. ಆದರೆ ಮೂವತ್ತೈದು ದಾಟಿತೆಂದರೆ ಮೈ ಮಾತು ಕೇಳುವುದಿಲ್ಲ. ಪೈಲ್ವಾನ ಗರಡಿಮನೆಯ ಉಸ್ತಾದನಾಗುತ್ತಾನೆ, ಇಲ್ಲವೇ ಹೊಲಕ್ಕೆ ಹಿಂದಿರುಗುತ್ತಾನೆ. ಐವತ್ತರ ನಂತರವೂ ದುಡಿಮೆ ಕೊಡಬಲ್ಲ ಆಟಗಳು ಕಡಿಮೆ. ಅವುಗಳಲ್ಲಿ ಗಾಲ್ಫ್ ಒಂದು. ಅಮೆರಿಕದ ಸ್ಯಾಮ್ ಸ್ನೀಡ್ 1965ರಲ್ಲಿ ಗ್ರೀನ್ಸ್‌ಬೊರೊ ಟೂರ್ನಿ ಗೆದ್ದಾಗ ಅವರಿಗೆ 52 ವರ್ಷ.

ಘಟಪ್ರಭಾ ಕಾಲುವೆಯ ನೀರು ಕಬ್ಬಿಗೆ ಹರಿಯುವ ಈ ಸೀಮೆಯಲ್ಲಿ ಗಾಲ್ಫ್ ಬೇರೂರಲಿಲ್ಲ ಎಂದರೆ ಯಾರೂ ಬೆರಗಾಗಬೇಕಿಲ್ಲ. ಹದಿನೆಂಟು ಕುಳಿಗಳ ಒಂದು ಮೈದಾನಕ್ಕೆ ಸುಮಾರು 100ರಿಂದ 150 ಎಕರೆ ಬೇಕು, ವರ್ಷವಿಡೀ ನೀರು ಬೇಕು. ಅಷ್ಟು ನೀರಾವರಿ ನೆಲದಲ್ಲಿ ಹತ್ತಾರು ಕುಟುಂಬಗಳು ಕಬ್ಬು ಬೆಳೆಯುತ್ತವೆ. ಹಾಗಾಗಿ ಕರ್ನಾಟಕದ ವೃತ್ತಿಪರ ಗಾಲ್ಫ್‌ನ ಕಥೆ ಹುಡುಕಿಕೊಂಡು ಬೆಂಗಳೂರಿಗೇ ಹೋಗಬೇಕು. ಅಲ್ಲಿ ಹೋದವರು ಕ್ಲಬ್‌ಹೌಸಿನ ಸೋಫಾದ ಮೇಲೆ ಕುಳಿತು ಹುಡುಕಿದರೆ ಅರ್ಧ ಕಥೆಯೂ ಸಿಗದು. ನಮ್ಮ ನಾಡಿನ ವೃತ್ತಿಪರ ಗಾಲ್ಫ್ ಹುಟ್ಟಿದ್ದು ಕ್ಯಾಡಿಗಳ ನಡುವೆ, ಅಂದರೆ ಸದಸ್ಯರ ಚೀಲ ಹೊತ್ತು ಹಿಂದೆ ನಡೆದ ಹುಡುಗರ ನಡುವೆ ಎಂಬುದು ಈ ಲೇಖನದ ವಾದ.

ಭಾರತದಲ್ಲಿ ಈ ಆಟಕ್ಕೆ ಹಳೆಯ ವಂಶಾವಳಿಯಿದೆ. ಕಲ್ಕತ್ತೆಯ ಕ್ಲಬ್ 1829ರದು, ಬೆಂಗಳೂರು ಗಾಲ್ಫ್ ಕ್ಲಬ್ 1876ರದು. ದಂಡು ಇದ್ದಲ್ಲಿ, ಗಣಿಯಿದ್ದಲ್ಲಿ ಬ್ರಿಟಿಷರು ಗಾಲ್ಫ್ ಕೋಲುಗಳನ್ನು ಕೊಂಡೊಯ್ದರು. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲೂ ಮೈದಾನ ಎದ್ದಿತು. ಆಡುವವರು ಅಧಿಕಾರಿಗಳು, ಹೊರುವವರು ಸುತ್ತಲಿನ ಹಳ್ಳಿಯ ಮಕ್ಕಳು. ಸ್ವಾತಂತ್ರ್ಯಾನಂತರ ಆಡುವವರ ಮೈಬಣ್ಣ ಬದಲಾಯಿತು, ಹೊರುವವರ ಮನೆಗಳು ಬದಲಾಗಲಿಲ್ಲ.

ಈ ಏರ್ಪಾಟಿನ ಒಳಗೆ ಇನ್ನೊಂದು ಗೆರೆಯೂ ಇತ್ತು. ಹಣಕ್ಕಾಗಿ ಆಡುವವನು ವೃತ್ತಿಪರ, ಹಣ ಮುಟ್ಟದವನು ಹವ್ಯಾಸಿ, ಮರ್ಯಾದೆ ಹವ್ಯಾಸಿಗೆ. ಇಂಗ್ಲೆಂಡ್, ಅಮೆರಿಕಗಳಲ್ಲಿ ವೃತ್ತಿಪರರಿಗೆ ಕ್ಲಬ್‌ಹೌಸಿನ ಬಾಗಿಲು ಬಹುಕಾಲ ಮುಚ್ಚಿತ್ತು. 1920ರ ಯು.ಎಸ್. ಓಪನ್ ನಡೆಸಿದ ಟೊಲೆಡೊದ ಇನ್ವರ್ನೆಸ್ ಕ್ಲಬ್ ಅವರನ್ನು ಒಳಗೆ ಬಿಟ್ಟುಕೊಂಡದ್ದೇ ದೊಡ್ಡ ಸುದ್ದಿಯಾಯಿತು. ವಾಲ್ಟರ್ ಹೇಗನ್‌ರಂಥ ಚಾಂಪಿಯನ್ನನಿಗೂ ಅದೇ ವರ್ಷ ಇಂಗ್ಲೆಂಡಿನ ಡೀಲ್‌ನಲ್ಲಿ ಬಟ್ಟೆ ಬದಲಿಸುವ ಕೋಣೆ ಸಿಗಲಿಲ್ಲ. ಬಟ್ಟೆ ಬದಲಿಸಲು ಆತ ಬಾಡಿಗೆ ಕಾರು ತರಿಸಿ ಕ್ಲಬ್ಬಿನ ಬಾಗಿಲೆದುರೇ ನಿಲ್ಲಿಸಿದರು. ಚೀಲ ಹೊರುವವನ ಗತಿ ಇನ್ನೂ ಕೆಳಗಿನದು.

ಕ್ಯಾಡಿ ಕೆಲಸದಿಂದ ಎದ್ದು ಬಂದು ಮುಪ್ಪಿನವರೆಗೂ ಆಡಿದ ಅಮೆರಿಕನ್ನರಲ್ಲಿ ಚಾರ್ಲಿ ಸಿಫೋರ್ಡರ ಬದುಕು ನಮ್ಮವರ ಬದುಕಿಗೆ ಹತ್ತಿರದ್ದು. 1922ರಲ್ಲಿ ನಾರ್ತ್ ಕ್ಯಾರೊಲಿನಾದ ಶಾರ್ಲಟ್‌ನಲ್ಲಿ ಹುಟ್ಟಿದ ಈ ಕಪ್ಪು ಹುಡುಗ ಬಿಳಿಯರ ಕ್ಲಬ್ಬಿನಲ್ಲಿ ಚೀಲ ಹೊತ್ತು ಆಟ ಕಲಿತ. ವೃತ್ತಿಪರರ ಸಂಘ ಪಿ.ಜಿ.ಎ.ಯ ನಿಯಮಾವಳಿಯಲ್ಲೇ ‘ಬಿಳಿಯರಿಗೆ ಮಾತ್ರ’ ಎಂಬ ಷರತ್ತಿತ್ತು. ಅದು ತೆಗೆದುಹೋದದ್ದು 1961ರಲ್ಲಿ; ಅಷ್ಟರಲ್ಲಿ ಸಿಫೋರ್ಡರಿಗೆ 39. ತೋಳಿನಲ್ಲಿ ಕಸುವಿದ್ದ ವರ್ಷಗಳೆಲ್ಲ ಕಪ್ಪು ಆಟಗಾರರ ಟೂರ್ನಿಗಳಲ್ಲಿ ಕಳೆದಿದ್ದವು. ನ್ಯಾಷನಲ್ ನೀಗ್ರೊ ಓಪನ್ನನ್ನು ಅವರು ಆರು ಸಲ ಗೆದ್ದಿದ್ದರು. ಆಮೇಲೂ ಬಿಡಲಿಲ್ಲ. 1967ರಲ್ಲಿ ಹಾರ್ಟ್‌ಫರ್ಡ್, 1969ರಲ್ಲಿ ಲಾಸ್ ಏಂಜಲೀಸ್ ಓಪನ್, 1975ರಲ್ಲಿ ಹಿರಿಯರ ಪಿ.ಜಿ.ಎ. ಚಾಂಪಿಯನ್‌ಷಿಪ್. ವೃತ್ತಿಪರರ ಮುಖ್ಯ ಟೂರ್ನಿ ಸರಣಿಯಾದ ಟೂರ್‌ನಲ್ಲಿ ಮೊದಲಿನ ಆ ಎರಡು ಗೆಲುವುಗಳಿದ್ದರೂ ಅಗಸ್ಟಾದ ಮಾಸ್ಟರ್ಸ್ ಟೂರ್ನಿಯಲ್ಲಿ ಆಡಲು ಅವರಿಗೆ ಒಮ್ಮೆಯೂ ಕರೆ ಬರಲಿಲ್ಲ. ಅದೇ ಅಗಸ್ಟಾದಲ್ಲಿ 1982ರವರೆಗೂ ಆಟಗಾರರು ಕ್ಲಬ್ಬಿನ ಕಪ್ಪು ಕ್ಯಾಡಿಗಳನ್ನೇ ಕರೆದೊಯ್ಯಬೇಕಿತ್ತು! ಒಬಾಮಾ ಅವರಿಂದ ಅಧ್ಯಕ್ಷರ ಸ್ವಾತಂತ್ರ್ಯ ಪದಕ ಬಂದದ್ದು 2014ರಲ್ಲಿ. ಮರು ಫೆಬ್ರುವರಿಯಲ್ಲಿ ಸಿಫೋರ್ಡ್ ತೀರಿಕೊಂಡರು.

ಅಲ್ಲಿ ಬಣ್ಣ ಮಾಡಿದ ಕೆಲಸವನ್ನು ಇಲ್ಲಿ ಬಡತನ, ಇಂಗ್ಲಿಷು ಮಾಡಿದವು. ಜಾತಿಯೂ ಸೇರಿತ್ತು ಎನ್ನಲು ಸಮಾಜಶಾಸ್ತ್ರದ ಪದವಿ ಬೇಕಿಲ್ಲ.

ನಮ್ಮ ದೇಶದ ದೊಡ್ಡ ಟೂರ್ನಿ ಇಂಡಿಯನ್ ಓಪನ್ ಶುರುವಾದದ್ದು 1964ರಲ್ಲಿ, ಆಸ್ಟ್ರೇಲಿಯದ ಪೀಟರ್ ಥಾಮ್ಸನ್‌ರ ಒತ್ತಾಸೆಯಿಂದ. ಮೊದಲ ಪ್ರಶಸ್ತಿಯೂ ಅವರಿಗೇ. ಮರುವರ್ಷ ಪಿ.ಜಿ. ಸೇಠಿ ಗೆದ್ದರು, ಆದರೆ ಅವರು ಹವ್ಯಾಸಿ. ಭಾರತೀಯ ವೃತ್ತಿಪರನೊಬ್ಬ ಅದನ್ನು ಗೆಲ್ಲಲು 1991ರವರೆಗೆ ಕಾಯಬೇಕಾಯಿತು. ಗೆದ್ದವರು ಅಲಿ ಶೇರ್, ದೆಹಲಿ ಗಾಲ್ಫ್ ಕ್ಲಬ್ಬಿನ ಹಳೆಯ ಕ್ಯಾಡಿ. 1993ರಲ್ಲಿ ಮತ್ತೆ ಅವರೇ. ಚೀಲ ಹೊತ್ತವರ ಸಾಲು ಅಲ್ಲಿಂದ ಕಣ್ಣಿಗೆ ಬೀಳತೊಡಗಿತು.

ಕರ್ನಾಟಕದ ಸರದಿ ಬಂದದ್ದು 2009ರಲ್ಲಿ. ಅದನ್ನು ಹೇಳುವ ಮೊದಲು ಮೈದಾನದ ನೆಲದ ಬಗ್ಗೆ ಒಂದು ಮಾತು. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಹಸಿರು ಹಾಸಿರುವುದು ಚಲ್ಲಘಟ್ಟ ಕೆರೆಯ ಅಂಗಳದಲ್ಲಿ, 120 ಎಕರೆಗೂ ಮಿಕ್ಕ ಜಾಗದಲ್ಲಿ. ಒಂದು ಕಾಲಕ್ಕೆ ಕೆಳಗಿನ ಗದ್ದೆಗಳಿಗೆ ನೀರುಣಿಸಿದ ಕೆರೆಯದು. ಕೆರೆ ಹೋಗಿ ಹುಲ್ಲು ಬಂದ ಮೇಲೆ ಸುತ್ತಲಿನ ಹುಡುಗರಿಗೆ ಅಲ್ಲಿ ಸಿಕ್ಕ ಕೆಲಸಗಳಲ್ಲಿ ಚೀಲ ಹೊರುವುದೂ ಒಂದು. ಕೆರೆ ಕಳೆದುಕೊಂಡ ಲೆಕ್ಕಕ್ಕೆ ಇದು ಪರಿಹಾರವಲ್ಲ. ಆದರೆ ಚಿನ್ನಸ್ವಾಮಿ ಮುನಿಯಪ್ಪ ಎಂಬ ಆಟಗಾರ ಬಂದದ್ದು ಬೆಂಗಳೂರಿನ ಇಂಥ ಕ್ಯಾಡಿಗಳ ನಡುವಿನಿಂದಲೇ.

ಹರಿಯಾಣದ ಗುರುಗ್ರಾಮದ ಡಿ.ಎಲ್.ಎಫ್. ಮೈದಾನದಲ್ಲಿ ನಡೆದ 2009ರ ಹೀರೊ ಹೊಂಡಾ ಇಂಡಿಯನ್ ಓಪನ್‌ನಲ್ಲಿ ನಾಲ್ಕು ಸುತ್ತು ಮುಗಿದಾಗ ಮುನಿಯಪ್ಪ ಮತ್ತು ದಕ್ಷಿಣ ಕೊರಿಯಾದ ಲೀ ಸಂಗ್ ಸಮಸಮ. ಸಮಬಲ ಮುರಿಯಲು ಆಡಿಸುವ ಪ್ಲೇ-ಆಫ್‌ನಲ್ಲಿ ಮುನಿಯಪ್ಪ ಗೆದ್ದರು. ದೇಶದ ಅತಿ ದೊಡ್ಡ ಗಾಲ್ಫ್ ಟೂರ್ನಿ, ಏಷ್ಯಾದ ಹೆಸರಾಂತ ಆಟಗಾರರ ಸಾಲು, ನಡುವೆ ಕ್ಯಾಡಿಯಾಗಿದ್ದ ಕನ್ನಡಿಗ. ಇಷ್ಟು ದೊಡ್ಡ ಗೆಲುವಿಗೆ ಕನ್ನಡ ಪತ್ರಿಕೆಗಳ ಕ್ರೀಡಾಪುಟದಲ್ಲಿ ಕ್ರಿಕೆಟ್ಟಿನ ರಣಜಿ ಪಂದ್ಯಕ್ಕೆ ಸಿಗುವಷ್ಟು ನೆನಪೂ ಉಳಿಯಲಿಲ್ಲ ಎಂಬುದು ನನ್ನ ತಕರಾರು.

ಕ್ಯಾಡಿಯ ಕಲಿಕೆ ಎಂಥದ್ದು ಎಂಬುದನ್ನು ಸ್ವಲ್ಪ ಹತ್ತಿರ ಹೋಗಿ ನೋಡಬೇಕು. ಚೀಲದಲ್ಲಿ ನಿಯಮದಂತೆ ಹೆಚ್ಚೆಂದರೆ 14 ಕೋಲುಗಳು. ಚೆಂಡು, ಕೊಡೆ, ನೀರು ಸೇರಿದರೆ ಹೆಗಲ ಮೇಲೆ ಹತ್ತು ಕಿಲೊಗೂ ಮಿಕ್ಕ ಭಾರ. ಹದಿನೆಂಟು ಕುಳಿ ಮುಗಿಯುವಷ್ಟರಲ್ಲಿ ನಡಿಗೆ ಏಳೆಂಟು ಕಿಲೊಮೀಟರ್. ಹೊರುವುದಷ್ಟೇ ಕೆಲಸವಲ್ಲ. ಚೆಂಡು ಎಲ್ಲಿ ಬಿತ್ತೆಂದು ಕಣ್ಣಿಟ್ಟಿರಬೇಕು, ಬಾವುಟಕ್ಕೆ ಎಷ್ಟು ಗಜವೆಂದು ಹೇಳಬೇಕು, ಮರಳುಗುಂಡಿಯಲ್ಲಿ ಮೂಡಿದ ಹೆಜ್ಜೆಯನ್ನು ಕುಂಟೆಯಿಂದ ಅಳಿಸಬೇಕು. ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಗ್ರೀನಿನ, ಅಂದರೆ ಕುಳಿಯ ಸುತ್ತಲಿನ ನುಣುಪು ಹುಲ್ಲುಹಾಸಿನ ಮೇಲಿನ ಕೆಲಸ: ಕುಕ್ಕರಗಾಲಲ್ಲಿ ಕುಳಿತು ನೆಲದ ವಾಲು, ಹುಲ್ಲು ಮಲಗಿದ ದಿಕ್ಕು ನೋಡಿ, ಚೆಂಡು ಕುಳಿಯ ಹತ್ತಿರ ಎಡಕ್ಕೆ ಹೊರಳುತ್ತದೋ ಬಲಕ್ಕೋ ಎಂದು ಸೂಚಿಸುವುದು. ಬೆಳಿಗ್ಗೆಯ ಇಬ್ಬನಿಯಲ್ಲಿ ನಿಧಾನ ಉರುಳುವ ಚೆಂಡು ಬಿಸಿಲೇರಿದ ಮೇಲೆ ಓಡುತ್ತದೆ. ದಿನಾ ನೋಡಿದವನಿಗೆ ಅದು ಗೊತ್ತು. ಸದಸ್ಯ ಒಂದೇ ಆಟ ಆಡುತ್ತಾನೆ, ಕ್ಯಾಡಿ ವರ್ಷಕ್ಕೆ ನೂರಾರು ಜನರ ಆಟ ಓದುತ್ತಾನೆ. ಮೈದಾನ ಮುಚ್ಚುವ ದಿನ ಯಾರೋ ಬಿಸಾಕಿದ ಕೋಲು ಹಿಡಿದು ಬೀಸಿದರೆ, ಅವನ ಕೈಗೆ ಇಳಿಯುವುದು ಅಷ್ಟೂ ದಿನ ಕಣ್ಣು ಕಲಿತದ್ದು. ಹಣ ಕೊಟ್ಟು ಕೋಚ್ ಇಟ್ಟುಕೊಳ್ಳಲಾರದವನ ಶಾಲೆ ಇದು. ಹಾಗೆಂದು ಇದನ್ನು ಹಾಡಿ ಹೊಗಳುವುದೂ ಬೇಡ, ಏಕೆಂದರೆ ಈ ಶಾಲೆಯಲ್ಲಿ ಕಲಿತ ಬಹುಪಾಲು ಹುಡುಗರು ಚೀಲ ಹೊರುತ್ತಲೇ ಉಳಿದರು.

ಬಿಡದಿಯ ಈಗಲ್‌ಟನ್ ಮೈದಾನದ ಪಕ್ಕದಲ್ಲಿ ಬೆಳೆದ ಎಸ್. ಚಿಕ್ಕರಂಗಪ್ಪ ಇದೇ ದಾರಿಯಲ್ಲಿ ನಡೆದು ದೇಶದ ವೃತ್ತಿಪರ ಟೂರ್‌ನಲ್ಲಿ ಹಲವು ಪ್ರಶಸ್ತಿ ಗೆದ್ದರು. ಒಂದು ವ್ಯತ್ಯಾಸವಿದೆ: ಚಿಕ್ಕ ವಯಸ್ಸಿನಲ್ಲೇ ತರಬೇತುದಾರ ವಿಜಯ್ ದಿವೇಚಾ ಅವರ ಕಣ್ಣಿಗೆ ಬಿದ್ದರು. ಅನಿರ್ಬನ್ ಲಾಹಿರಿಯವರನ್ನು ತಿದ್ದಿದವರೂ ದಿವೇಚಾ. ಲಾಹಿರಿ ಸೇನಾ ವೈದ್ಯರ ಮಗ. ಬೆಂಗಳೂರಿನಲ್ಲಿ ನೆಲೆಸಿ 2015ರಲ್ಲಿ ಇಂಡಿಯನ್ ಓಪನ್ ಗೆದ್ದು, ಅದೇ ವರ್ಷ ಅಮೆರಿಕದ ಪಿ.ಜಿ.ಎ. ಚಾಂಪಿಯನ್‌ಷಿಪ್‌ನಲ್ಲಿ ಜಂಟಿ ಐದನೇ ಸ್ಥಾನ ಪಡೆದರು. ಒಬ್ಬನೇ ಗುರುವಿನ ಬಳಿ ಮೈದಾನದ ಪಕ್ಕದ ಹುಡುಗ, ಅಧಿಕಾರಿ ಮನೆಯ ಹುಡುಗ ಇಬ್ಬರೂ ನಿಂತ ಆ ಕೆಲವು ವರ್ಷಗಳನ್ನು ಕರ್ನಾಟಕ ಗಾಲ್ಫ್‌ನ ತಿರುವು ಎಂದು ನಾನು ಗುರುತಿಸುತ್ತೇನೆ. ಅಲ್ಲಿಂದ ಮುಂದೆ ತೂಕ ಅನುಕೂಲಸ್ಥ ಮನೆಗಳ ಕಡೆಗೇ ವಾಲಿತು.

ಅದಿತಿ ಅಶೋಕ್ (ಜನನ 1998) ಆಟ ಕಲಿತದ್ದು ಅದೇ ಚಲ್ಲಘಟ್ಟದ ಹುಲ್ಲಿನ ಮೇಲೆ, ಆದರೆ ತಂದೆ ತಾಯಿಯ ಜೊತೆ ಬಂದ ಮಗುವಾಗಿ. 2016ರಲ್ಲಿ ಮಹಿಳೆಯರ ಇಂಡಿಯನ್ ಓಪನ್, 2021ರ ಆಗಸ್ಟ್‌ನಲ್ಲಿ ಟೋಕಿಯೊ ಒಲಿಂಪಿಕ್ಸ್‌ನ ನಾಲ್ಕನೇ ಸ್ಥಾನ, 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಬೆಳ್ಳಿ. ಟೋಕಿಯೊದಲ್ಲಿ 15 ಅಂಡರ್ ಪಾರ್, ಅಂದರೆ ನಿಗದಿತ ಹೊಡೆತಗಳಿಗಿಂತ 15 ಕಡಿಮೆ ಆಡಿದ ಅವರಿಗೆ ಪದಕ ತಪ್ಪಿದ್ದು ಒಂದೇ ಒಂದು ಹೊಡೆತದಿಂದ. ಅದಕ್ಕೂ ಹಿಂದಿನ ರಿಯೊ ಒಲಿಂಪಿಕ್ಸ್‌ನಲ್ಲಿ ಅವರ ಚೀಲ ಹೊತ್ತವರು ತಂದೆ, ಟೋಕಿಯೊದಲ್ಲಿ ತಾಯಿ. ಹಾಂಗ್‌ಝೌ ತಂಡದಲ್ಲಿ ಅವರ ಜೊತೆಗಿದ್ದ ಮೈಸೂರಿನ ಪ್ರಣವಿ ಅರಸ್, ಬೆಂಗಳೂರಿನ ಅವನಿ ಪ್ರಶಾಂತ್ ಕೂಡ ಎಳವೆಯಲ್ಲೇ ಕ್ರಮಬದ್ಧ ತರಬೇತಿ ಪಡೆದ ತಲೆಮಾರಿನವರು. ದೇಶದ ಮೂವರ ಮಹಿಳಾ ತಂಡದಲ್ಲಿ ಮೂವರೂ ಕರ್ನಾಟಕದವರು! ಕ್ಯಾಡಿಗಳ ಸಾಲಿನಿಂದ ಇಂಥ ಹೆಣ್ಣುಮಗಳೊಬ್ಬಳು ಬರುವ ಹಾದಿ ಮೊದಲಿನಿಂದಲೂ ಇರಲಿಲ್ಲ. ಚೀಲ ಹೊರುವ ಕೆಲಸ ನಮ್ಮಲ್ಲಿ ಹೆಚ್ಚುಕಡಿಮೆ ಗಂಡುಹುಡುಗರದೇ ಆಗಿತ್ತು.

ಇನ್ನು ವಯಸ್ಸಾದವರ ಮಾತು. ಅಮೆರಿಕದಲ್ಲಿ 1980ರಿಂದ ಐವತ್ತು ದಾಟಿದವರಿಗೇ ಪ್ರತ್ಯೇಕ ಟೂರ್ ಇದೆ. ಅದರ ಮೊದಲ ವರ್ಷವೇ ಸಿಫೋರ್ಡ್ ಅಲ್ಲಿ ಗೆದ್ದರು. ಮೊದಲ ಇನಿಂಗ್ಸ್‌ನಲ್ಲಿ ಸಿಗದ ದುಡ್ಡು ಅಲ್ಲಿನ ಅನೇಕರಿಗೆ ಎರಡನೆಯದರಲ್ಲಿ ಸಿಕ್ಕಿತು. ಇಲ್ಲಿ ಅಂಥ ಆಸರೆಯಿಲ್ಲ. ಮಧ್ಯಪ್ರದೇಶದ ಮಹೂವಿನ ಮುಕೇಶ್ ಕುಮಾರ್ 2016ರಲ್ಲಿ 51ರ ವಯಸ್ಸಿನಲ್ಲಿ ಪ್ಯಾನಾಸೋನಿಕ್ ಓಪನ್ ಗೆದ್ದರು. ಗೆದ್ದದ್ದು ಹಿರಿಯರ ಟೂರ್ನಿಯಲ್ಲಲ್ಲ, ಮಕ್ಕಳ ವಯಸ್ಸಿನವರ ಎದುರು, ಏಷ್ಯನ್ ಟೂರ್‌ನಲ್ಲಿ. ಮುನಿಯಪ್ಪನವರ ಪೀಳಿಗೆಯ ಆಟಗಾರ ಐವತ್ತಕ್ಕೆ ಕಾಲಿಟ್ಟಾಗ ಅವನೆದುರು ಇರುವುದು ಎರಡೇ: ಇಪ್ಪತ್ತರ ಹುಡುಗರ ಜೊತೆ ಸೆಣಸುವುದು, ಇಲ್ಲವೇ ಹೊಡೆತ ಅಭ್ಯಾಸ ಮಾಡುವ ಡ್ರೈವಿಂಗ್ ರೇಂಜಿನಲ್ಲಿ ಸದಸ್ಯರ ಮಕ್ಕಳಿಗೆ ಕೋಲು ಹಿಡಿಯುವುದನ್ನು ಹೇಳಿಕೊಡುವುದು.